ಇಪ್ಪತ್ತೆಂಟನೆಯ ಹಾಳೆ

ಹತ್ತೊಂಬತ್ತನೆಯ ಹಾಳೆಯನ್ನು ಎತ್ತಿದಳು. ಹಾಳೆಯ ನಡುಭಾಗ ಮೇಲೆ ಬರಲಿಲ್ಲ.

ಕೈಯಲ್ಲಿ ಉಳಿದದ್ದು ನಾಲ್ಕು ಅಂಚುಗಳ ಖಾಲಿ ಚೌಕಟ್ಟು ಮಾತ್ರ. ಒಳಗಿನ ತೋಟ, ತೋಟದ ನಡುವಿನ ಕೊಳ, ಕೊಳದ ಪಕ್ಕ ಕೂತು ಓದುತ್ತಿರುವ ಹೆಂಗಸು, ಅವಳ ತಲೆಯ ಮೇಲಿನ ಏಳು ಸಾಲು ಬರಹ, ಎಲ್ಲವೂ ಕೆಳಗಿನ ಹಾಳೆಯ ಮೇಲೆ ಹಾಗೇ ಮಲಗಿಕೊಂಡಿದ್ದವು. ಚಿತ್ರದ ಸುತ್ತ ಎಳೆದಿದ್ದ ಹಸಿರು ಗೆರೆಯ ಉದ್ದಕ್ಕೂ ಕಾಗದ ಕತ್ತರಿಸಿ ಹೋಗಿತ್ತು. ಯಾರೋ ಸ್ಕೇಲು ಇಟ್ಟು ಬ್ಲೇಡು ಎಳೆದ ಹಾಗಿತ್ತು.

ಅವಳು ಚೌಕಟ್ಟನ್ನು ಹಿಡಿದುಕೊಂಡೇ ನಿಂತಳು. ಕೆಳಗಿಡಲೂ ಭಯ, ಹಿಡಿದಿರಲೂ ಭಯ. ಇಪ್ಪತ್ತೆಂಟು ವರ್ಷದಿಂದ ಈ ಗ್ರಂಥಾಲಯದ ದುರಸ್ತಿ ಕೋಣೆಯಲ್ಲಿ ಹರಿದದ್ದು, ಹುಳ ತಿಂದದ್ದು, ನೀರು ಕುಡಿದದ್ದು ಎಲ್ಲವನ್ನೂ ಕಂಡವಳು. ಆದರೆ ಇಂಥದ್ದನ್ನು ಕಂಡಿರಲಿಲ್ಲ. ನಾಳೆ ಬೆಳಿಗ್ಗೆ ಕೆಳಗಿನ ಹೊಸ ಸಭಾಂಗಣದಲ್ಲಿ, ನೂರು ಜನ ಅತಿಥಿಗಳ ಮುಂದೆ, ಇದೇ ಹಾಳೆಯನ್ನು ಅವಳ ಮಾವ ತೆರೆದು ತೋರಿಸಬೇಕಿತ್ತು.

ಮಾವ ಅಂದರೆ ತಾಯಿಯ ಅಣ್ಣ. ಇದೇ ಕೋಣೆಯಲ್ಲಿ, ಇದೇ ಮೇಜಿನ ಮುಂದೆ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಅವಳಿಗೆ ಈ ಕೆಲಸ ಕಲಿಸಿದವರೂ ಅವರೇ. ಉಸಿರಿಗೂ ಹಾರಿಹೋಗುವಂಥ ಚಿನ್ನದ ರೇಕನ್ನು ಅಕ್ಷರದ ಮೇಲೆ ಕೂರಿಸಿ ಕಲ್ಲಿನಿಂದ ಉಜ್ಜಿ ಹೊಳಪು ಕೊಡುವುದರಲ್ಲಿ ಅವರ ಸಮಕ್ಕೆ ನಿಲ್ಲುವವರಿರಲಿಲ್ಲ. ಹಾಗಾಗಿ ಇಡೀ ಗ್ರಂಥಾಲಯಕ್ಕೆ ಅವರು ‘ಚಿನ್ನದ ಮಾವ’. ಮೈಮೇಲೆ ಗುಲಗಂಜಿ ತೂಕದ ಚಿನ್ನವನ್ನೂ ಅವರು ಹಾಕಿಕೊಂಡವರಲ್ಲ ಎನ್ನುವುದು ಬೇರೆ ಮಾತು.

ಅವರ ಹೆಸರು ನಿಂತಿದ್ದೇ ಈ ಪುಸ್ತಕದ ಮೇಲೆ. ಕೈಯಲ್ಲಿ ಬರೆದು ಬಣ್ಣ ತುಂಬಿದ ಪುಸ್ತಕ, ಮೂರು ಕೈಗಳು ಅರವತ್ತು ವರ್ಷದಲ್ಲಿ ಮುಗಿಸಿದ್ದು. ಮೊದಲನೆಯವನು ಬರೀ ಬರಹಗಾರ. ಕಪ್ಪು ಶಾಯಿ, ಅಧ್ಯಾಯ ಶುರುವಾಗುವಲ್ಲಿ ಒಂದು ಕೆಂಪು ಅಕ್ಷರ, ಅಷ್ಟಕ್ಕೇ ತೃಪ್ತ. ಅವನು ಚಿತ್ರಕ್ಕೆಂದು ಖಾಲಿ ಬಿಟ್ಟ ಜಾಗಗಳು ಎಷ್ಟೋ ವರ್ಷ ಖಾಲಿಯೇ ಇದ್ದವು. ಎರಡನೆಯವನು ಬಂದು ಆ ಕೆಂಪು ಅಕ್ಷರಗಳಿಗೆ ಬಳ್ಳಿ ಹಬ್ಬಿಸಿದ, ಬಳ್ಳಿಯ ತುದಿಗೆ ಹಕ್ಕಿ ಕೂರಿಸಿದ, ಚಿನ್ನ ಹಚ್ಚಿದ. ಮೂರನೆಯವನ ಕಾಲಕ್ಕೆ ಓದುವವರಿಗೆ ಅದೂ ಸಾಲದಾಯಿತು. ಅವನು ಪುಟದ ಮುಕ್ಕಾಲು ಭಾಗ ಚಿತ್ರವನ್ನೇ ತುಂಬಿ, ಬರಹವನ್ನು ಮೂಲೆಗೆ ತಳ್ಳಿ, ಎಲ್ಲದರ ಸುತ್ತ ಒಂದು ಹಸಿರು ಗೆರೆ ಎಳೆದ. ತಾಮ್ರದ ತಗಡನ್ನು ವಿನೆಗರಿನ ಆವಿಗೆ ಹಿಡಿದು, ಅದರ ಮೇಲೆ ಹುಟ್ಟಿದ ಹಸಿರು ಕಿಲುಬನ್ನು ಕೆರೆದು ಮಾಡಿದ ಬಣ್ಣ ಅದು. ಅಂಥ ಹಸಿರು ಬೇರೆ ಯಾವುದರಿಂದಲೂ ಬರುತ್ತಿರಲಿಲ್ಲ. ಅದು ನಿಧಾನವಾಗಿ ಕಾಗದವನ್ನು ಸುಡುತ್ತದೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ಮೂವತ್ತಾರು ವರ್ಷದ ಹಿಂದೆ ಆ ಗೆರೆಗಳಲ್ಲಿ ಸಣ್ಣ ಬಿರುಕು ಕಂಡಾಗ ಪುಸ್ತಕ ಮಾವನ ಕೈಗೆ ಬಂತು. ಅವರು ಹೊಲಿಗೆ ಬಿಚ್ಚಿ, ಒಂದೊಂದೇ ಹಾಳೆಯ ಹಿಂಬದಿಗೆ, ಗೆರೆಯ ನೇರಕ್ಕೆ, ಹಿಟ್ಟಿನ ಅಂಟು ಸವರಿ ತೆಳು ಕಾಗದದ ಪಟ್ಟಿ ಅಂಟಿಸಿದರು. ಚಿತ್ರವಿದ್ದ ನಲವತ್ತಮೂರು ಹಾಳೆಗಳಿಗೆ ಎರಡು ವರ್ಷ ಹಿಡಿಯಿತು. ಪಟ್ಟಿ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದರೂ ಹುಡುಕಬೇಕಿತ್ತು. ದೂರದೂರದ ಗ್ರಂಥಾಲಯಗಳಿಂದ ಜನ ನೋಡಲು ಬಂದರು.

ಅವಳು ಚೌಕಟ್ಟನ್ನು ಮೆಲ್ಲನೆ ಇಳಿಸಿ, ದೀಪವನ್ನು ಓರೆಗೆ ತಿರುಗಿಸಿ ಮುಂದಿನ ಹಾಳೆಗಳ ಅಂಚನ್ನಷ್ಟೇ ಎತ್ತಿ ನೋಡಿದಳು. ಇಪ್ಪತ್ತರಲ್ಲಿ ಬಿರುಕು. ಇಪ್ಪತ್ತೊಂದರಲ್ಲಿ ಎರಡು ಬದಿ ಬಿಟ್ಟುಹೋಗಿತ್ತು. ಇಪ್ಪತ್ತನಾಲ್ಕು ಒಂದು ಮೂಲೆಯ ಋಣದಲ್ಲಿ ನಿಂತಿತ್ತು. ಹಸಿರು ಎಲ್ಲಿತ್ತೋ ಅಲ್ಲಿ ಈಗ ಕಂದು ಬಣ್ಣ, ಮುಟ್ಟಿದರೆ ಪುಡಿ. ಇಪ್ಪತ್ತೆಂಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ಆ ಹಾಳೆ ಮಾತ್ರ ಮೆತ್ತಗೆ ಬಾಗಿತು. ಗೆರೆ ಹಸಿರಾಗಿಯೇ ಇತ್ತು.

ಏಕೆ ಎಂದು ಅವಳಿಗೆ ತಕ್ಷಣ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ಇಪ್ಪತ್ತೆಂಟನೆಯ ಹಾಳೆಯ ಸರದಿ ಬಂದ ವಾರ ಮಾವನ ತಂಗಿಗೆ, ಅಂದರೆ ಅವಳ ಅಮ್ಮನಿಗೆ, ಆಪರೇಷನ್ ಆಗಿತ್ತು. ಮಾವ ಹತ್ತು ದಿನ ಆಸ್ಪತ್ರೆಯ ಬೆಂಚು ಬಿಟ್ಟು ಕದಲಿರಲಿಲ್ಲ. ಹದಿನೈದು ವರ್ಷದ ಅವಳು ಅವರ ಭುಜಕ್ಕೆ ಒರಗಿ ನಿದ್ದೆ ಮಾಡಿದ್ದಳು. ತಿರುಗಿ ಕೆಲಸಕ್ಕೆ ಹೋಗುವಷ್ಟರಲ್ಲಿ ಪುಸ್ತಕ ಹೊಲಿಯುವವನು ಆ ಹಾಳೆಯಿದ್ದ ಕಂತೆಯನ್ನು ಹೊಲಿದುಬಿಟ್ಟಿದ್ದ. ಒಂದು ಹಾಳೆ ಪಟ್ಟಿಯಿಲ್ಲದೆ ಉಳಿಯಿತು. ಮಾವ ಅದನ್ನು ‘ನನ್ನ ತಬ್ಬಲಿ’ ಎನ್ನುತ್ತಿದ್ದರು. ಬಂದಾಗಲೆಲ್ಲ ಮೊದಲು ವಿಚಾರಿಸುತ್ತಿದ್ದುದು ಅದನ್ನೇ, ಆಮೇಲೆ ಸೊಸೆಯ ಕ್ಷೇಮ.

ಅಂಟಿನ ತೇವ. ತಾಮ್ರದ ಬಣ್ಣಕ್ಕೆ ನೀರು ತಗುಲಿದರೆ ಅದು ಕಾಗದದೊಳಗೆ ಇನ್ನಷ್ಟು ಇಳಿದು ಹರಡುತ್ತದೆ. ಈಗಿನ ಪುಸ್ತಕಗಳಲ್ಲಿ ಇದೆಲ್ಲ ಇದೆ. ಆಗ ಯಾರಿಗೂ ಗೊತ್ತಿರಲಿಲ್ಲ. ಮಾವ ಜೋಪಾನ ಮಾಡಿದ ಹಾಳೆಗಳೆಲ್ಲ ಸುಡುತ್ತಿದ್ದವು, ಅವರ ಕೈ ತಪ್ಪಿದ ಒಂದೇ ಒಂದು ಬದುಕಿತ್ತು.

“ಪುಟ್ಟೀ, ಇದ್ದೀಯೇನೇ?”

ಅವಳಿಗೆ ಐವತ್ತು ತುಂಬಿದ್ದು ಮಾವನ ಲೆಕ್ಕಕ್ಕೆ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾಳೆಯ ಕೆಲಸಕ್ಕೆ ಇವತ್ತೊಮ್ಮೆ ಅಭ್ಯಾಸ ಮಾಡಿಕೊಳ್ಳುತ್ತೇನೆಂದು ಅವರೇ ಹೇಳಿದ್ದರು. ಅವಳು ಸರಕ್ಕನೆ ಪುಸ್ತಕದ ಮೇಲೆ ಬಿಳಿ ಬಟ್ಟೆ ಎಳೆದಳು.

“ಬನ್ನಿ ಮಾವ, ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಬಂದ್ರಾ? ಲಿಫ್ಟ್ ಇತ್ತಲ್ಲ.”

“ಲಿಫ್ಟಲ್ಲಿ ಬಂದ್ರೆ ಯಾರೂ ಸಿಗಲ್ಲ. ಮೆಟ್ಟಿಲಲ್ಲಿ ನಾಲ್ಕು ಜನ ಮಾತಾಡಿಸಿದ್ರು. ಹೊಸ ಅಂಗಿ ಅಂತ ಒಬ್ಬಳು ಕಂಡುಹಿಡಿದಳು.” ಅವರು ಖುಷಿಯಲ್ಲಿದ್ದರು. ಬೇಸಿನ್ನಿನಲ್ಲಿ ಕೈ ತೊಳೆದು, ಒಂದೊಂದೇ ಬೆರಳು ಒರೆಸಿಕೊಂಡು ಮೇಜಿಗೆ ಬಂದರು. “ತೆಗಿ ಬಟ್ಟೆ.”

“ಬೇಡ ಮಾವ. ಈಗ ಬೆಳಕು ಜಾಸ್ತಿ ಇದೆ.”

“ಬೆಳಕಾ? ಪರದೆ ಎಳಿ.”

“ತೇವಾಂಶವೂ ಸ್ವಲ್ಪ ಹೆಚ್ಚಿದೆ. ಮಧ್ಯಾಹ್ನ ನೋಡೋಣ.”

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಅದನ್ನು ಮಾವ ಕಲಿಸಿರಲಿಲ್ಲ. ಅವರು ಅವಳ ಮುಖ ನೋಡಿದರು, ಬಟ್ಟೆ ನೋಡಿದರು, ಒತ್ತಾಯಿಸಲಿಲ್ಲ.

“ನನ್ನ ತಬ್ಬಲಿ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ ಮಾವ.” ಇದಾದರೂ ನಿಜ ಎಂಬ ಸಮಾಧಾನಕ್ಕೆ ಮಾತು ಜಾರಿತು. “ತುಂಬಾ ಚೆನ್ನಾಗಿದ್ದಾಳೆ. ಗೆರೆ ಇನ್ನೂ ಹಸಿರಾಗೇ ಇದೆ.”

“ಇನ್ನೂ ಅಂದ್ರೆ?”

 ಮಾತು ಆಡಿಯಾಗಿತ್ತು. ಮಾವ ತಾವೇ ಬಟ್ಟೆಯ ತುದಿ ಹಿಡಿದು, ಮಗುವಿನ ಹೊದಿಕೆ ಸರಿಸುವ ಹಾಗೆ ಸರಿಸಿದರು. ಬೇರೆಯಾಗಿ ಬಿದ್ದ ತೋಟವನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

“ಎಷ್ಟು ಹೋಗಿವೆ?”

“ಪೂರ್ತಿ ಹೋಗಿರೋದು ಇದೊಂದೇ. ಉಳಿದವು...”

“ಉಳಿದವೂ ಹೋಗ್ತವೆ.”

“ನಿಲ್ಲಿಸೋಕೆ ಆಗಲ್ಲ ಮಾವ. ಅಂಟು ಹಾಕಿದ್ರೆ ಮತ್ತೆ ನೀರು. ಪಟ್ಟಿ ಬಿಡಿಸೋಕೆ ಹೋದ್ರೂ ನೀರು. ಅಲ್ಲಾಡಿಸದೆ, ತೆರೆಯದೆ, ಒಣಗಿದ ಕಡೆ ಇಡೋದು. ಅಷ್ಟೇ ನಮ್ಮ ಕೈಲಿರೋದು.”

“ನೀರು,” ಅಂದರು ಮಾವ. ಆ ಒಂದು ಮಾತು ಸಾಕಾಯಿತು. ಅವರ ತಲೆ ಇಪ್ಪತ್ತೆಂಟಕ್ಕೂ ಉಳಿದ ನಲವತ್ತೆರಡಕ್ಕೂ ಇರುವ ವ್ಯತ್ಯಾಸವನ್ನು ಕಂಡುಕೊಂಡದ್ದು ಅವರ ಮುಖದಲ್ಲೇ ಕಾಣಿಸಿತು. ಅವಳಿಗೆ ಮುಖ ತಿರುಗಿಸಿಕೊಳ್ಳಬೇಕೆನಿಸಿತು, ಆಗಲಿಲ್ಲ.

“ಹಾಗಾದ್ರೆ ನಾನು ಆ ಎರಡು ವರ್ಷ ಮನೇಲಿ ಮಲಗಿದ್ರೆ ಚೆನ್ನಾಗಿತ್ತು,” ಅಂದು ನಕ್ಕರು. ಆ ನಗುವನ್ನು ಅವಳಿಗೆ ನೋಡಲಾಗಲಿಲ್ಲ.

“ಆಗ ಯಾರಿಗೂ ಗೊತ್ತಿರಲಿಲ್ಲ ಮಾವ. ನಾನಿದ್ದರೂ ಅದನ್ನೇ ಮಾಡ್ತಿದ್ದೆ.”

“ನೀನು ಅದನ್ನೇ ಮಾಡ್ತಿದ್ದೆ, ನಾನು ಹೇಳಿಕೊಡ್ತಿದ್ದೆನಲ್ಲ. ದಾಖಲೆ ಪುಸ್ತಕ ತೆಗಿ.”

ದುರಸ್ತಿಗೆ ಬಂದ ಪ್ರತಿ ವಸ್ತುವಿಗೂ ಒಂದು ಪುಟವಿತ್ತು. ಹಾನಿ ಏನು, ಕಾರಣ ಏನು ಎಂದು ಬರೆಯುವುದು ಅವರೇ ಹಾಕಿಕೊಟ್ಟ ಪದ್ಧತಿ. ಹಾನಿಯನ್ನು ಅವಳು ಬರೆದಳು. ಕಾರಣದ ಜಾಗದಲ್ಲಿ ಪೆನ್ನು ನಿಂತಿತು.

“ಹಳೆಯ ದುರಸ್ತಿಯಲ್ಲಿ ಬಳಸಿದ ಒದ್ದೆ ಅಂಟು. ಬರಿ. ಮಾಡಿದವರು ಯಾರು ಅಂತಲೂ ಬರಿ.”

“ಮಾವ, ವಯಸ್ಸಾದ ಕಾಗದ ಅಂತ ಬರೆದ್ರೆ ಯಾರೂ ಕೇಳಲ್ಲ.”

“ಯಾರೂ ಕೇಳಲ್ಲ ಅಂತಲೇ ಬರಿ ಅಂದಿದ್ದು. ನಾಳೆ ಇನ್ನೊಬ್ಬ ಇದಕ್ಕೆ ಅಂಟು ಹಿಡ್ಕೊಂಡು ಬಂದಾನು.”

ಅವಳು ಬರೆದಳು. ಮಾವನ ಹೆಸರನ್ನು ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಅವರು ಬಗ್ಗಿ ಓದಿ, ಸರಿ ಎನ್ನುವಂತೆ ತಲೆಯಾಡಿಸಿ, ಕುರ್ಚಿಗೆ ಕುಸಿದರು. ಹತ್ತು ನಿಮಿಷದ ಹಿಂದೆ ಮೆಟ್ಟಿಲು ಹತ್ತಿ ಬಂದವರು ಇವರೇನಾ ಅನ್ನಿಸುವ ಹಾಗಿದ್ದರು.

ಅಷ್ಟರಲ್ಲಿ ನಿರ್ದೇಶಕರು ಬಂದರು. ಯಾವ ತಾಪತ್ರಯಕ್ಕೂ ‘ಆಗುತ್ತೆ ಬಿಡಿ’ ಎನ್ನುವುದು ಅವರ ರೂಢಿ. ಕೆಟ್ಟ ಮನುಷ್ಯನಲ್ಲ, ಪುಸ್ತಕವನ್ನು ಎಂದೂ ಕೈಯಲ್ಲಿ ಹಿಡಿಯದವರು, ಅಷ್ಟೆ. ಮೇಜಿನ ಮೇಲಿನದನ್ನು ನೋಡಿ ಅವರ ಮುಖವೂ ಬಾಡಿತು. ಆದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬಾಡಿರುವುದು ಅವರಿಂದಾಗದು.

“ಬೇರೆ ಯಾವ ಹಾಳೆ ಚೆನ್ನಾಗಿದೆ?”

“ಸರ್, ಇದನ್ನ ಇನ್ನು ತೆರೆಯೋ ಹಾಗೇ ಇಲ್ಲ. ಕೋಣೆಯಿಂದ ಆಚೆ ಒಯ್ಯೋದೇ ಅಪಾಯ,” ಅಂದಳು ಅವಳು.

“ಅಯ್ಯೋ, ಆಹ್ವಾನ ಹೋಗಿದೆ, ಗಾಜಿನ ಪೆಟ್ಟಿಗೆ ಬಂದಿದೆ, ಸಂಜೆ ಐದಕ್ಕೆ ಬೀಗ ಹಾಕಬೇಕು. ಒಂದು ದಿನದ ಮಾತು, ಆಗುತ್ತೆ ಬಿಡಿ. ಒಂದೂ ಚೆನ್ನಾಗಿಲ್ವಾ?”

“ಇಪ್ಪತ್ತೆಂಟು,” ಅಂದರು ಮಾವ.

ನಿರ್ದೇಶಕರ ಮುಖ ಅರಳಿತು. “ನೋಡಿದ್ರಾ? ಮೂವತ್ತಾರು ವರ್ಷ ಆದ್ರೂ ನಿಮ್ಮ ಕೈಗುಣ ಹಾಗೇ ಇದೆ. ಅದನ್ನೇ ತೆರೆದಿಡೋಣ. ಪಕ್ಕದ ಫಲಕ ನಾನೇ ಬರೆಸ್ತೀನಿ.”

“ಅದನ್ನ ನಾನು ಮುಟ್ಟಿಲ್ಲ ಸಾರ್.”

“ಏನಂದ್ರಿ?”

“ಆ ಒಂದು ಹಾಳೆ ನಾನು ಮುಟ್ಟಿಲ್ಲ. ಅದಕ್ಕೇ ಚೆನ್ನಾಗಿದೆ.”

ನಿರ್ದೇಶಕರು ಅವಳ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. “ದೊಡ್ಡವರು ಹೀಗೇನಮ್ಮ. ತಾವು ಮಾಡಿದ್ದನ್ನೂ ಮಾಡಿಲ್ಲ ಅಂತಾರೆ.” ಫೋನು ಬಂತು, ಕಿವಿಗೆ ಹಿಡಿದುಕೊಂಡು, ಬಾಗಿಲಿನಿಂದಲೇ ಐದು ಬೆರಳು ತೋರಿಸಿ ಹೊರಟುಹೋದರು.

ಅವಳು ಬೆನ್ನು ಹತ್ತಿ ಹೋಗಿ ಮೊಗಸಾಲೆಯಲ್ಲಿ ಇನ್ನೊಮ್ಮೆ ಹೇಳಿದಳು. ಮಧ್ಯಾಹ್ನ ಅವರ ಕೋಣೆಗೂ ಹೋಗಿ ಹೇಳಿದಳು. ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟಳು. ಇಟ್ಟುಕೊಂಡರು. ನಾಲ್ಕೂವರೆಗೆ ಕೆಳಗಿನಿಂದ ಆಳು ಬಂದು, ಗಾಜು ಒರೆಸಿಯಾಗಿದೆ, ಪುಸ್ತಕ ಇಳಿಸಬೇಕಂತೆ ಎಂದು ಹೇಳಿ ಹೋದ. ತಳ್ಳುಗಾಡಿಯನ್ನೂ ಬಿಟ್ಟು ಹೋಗಿದ್ದ. ಅದರ ಒಂದು ಚಕ್ರ ಕುಂಟುತ್ತಿತ್ತು.

ಕಳಚಿ ಬಿದ್ದಿದ್ದ ತೋಟವನ್ನು ಅವಳು ಚೌಕಟ್ಟಿನೊಳಗೇ ಕೂರಿಸಿ, ನಡುವೆ ಮೆತ್ತನೆ ಕಾಗದವಿಟ್ಟು, ಪುಸ್ತಕವನ್ನು ಮುಚ್ಚಿ ಮರದ ತಟ್ಟೆಯ ಮೇಲೆ ಇಟ್ಟಳು. ಊಟವನ್ನೂ ಮಾಡದೆ ಅಲ್ಲೇ ಕೂತಿದ್ದ ಮಾವ ಎದ್ದು ಬಂದರು.

“ಗಾಡಿ ಬೇಡ. ಆ ತುದಿ ನೀನು ಹಿಡಿ. ಲಿಫ್ಟೂ ಬೇಡ, ನಿಲ್ಲುವಾಗ ಜಗ್ಗುತ್ತೆ.”

“ನಿಮಗೆ ಭಾರ ಆಗುತ್ತೆ ಮಾವ.”

“ಆಗಲಿ. ಇದನ್ನ ಹಿಡ್ಕೊಂಡು ನಡೆಯೋದು ನನಗೆ ಗೊತ್ತು. ಇಬ್ಬರದ್ದೂ ಒಂದೇ ಕಾಲು ಬೀಳಬೇಕು.”

ಮೊಗಸಾಲೆ ದಾಟುವುದಕ್ಕೇ ಹತ್ತು ನಿಮಿಷವಾಯಿತು. ಮಾವ ಹಿಂದಕ್ಕೆ ಹೆಜ್ಜೆಯಿಡುತ್ತ, ಎಡಗಾಲು, ಬಲಗಾಲು ಎಂದು ಮೆಲ್ಲಗೆ ಹೇಳುತ್ತಿದ್ದರು. ಅವರ ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಎದುರಿಗೆ ಬಂದವರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನಾಳೆ ಬರ್ತೀವಿ ಮಾವ, ಮುಂದಿನ ಸಾಲಲ್ಲೇ ಕೂತ್ಕೋತೀವಿ ಎಂದಳು ಒಬ್ಬಳು. ಮಾವ ಆಕೆಗೆ ತಲೆಯಾಡಿಸಿದರು.

ಮೆಟ್ಟಿಲ ಬಳಿ ಇಬ್ಬರೂ ಅಡ್ಡ ತಿರುಗಿ, ತಟ್ಟೆ ಓರೆಯಾಗದಂತೆ ಅವಳು ಕೈ ತಗ್ಗಿಸಿ, ಮಾವ ಎತ್ತರಿಸಿ, ಒಂದೊಂದೇ ಮೆಟ್ಟಿಲು ಇಳಿದರು. ಏಳನೆಯ ಮೆಟ್ಟಿಲಲ್ಲಿ ಪುಸ್ತಕದೊಳಗೆ ಎಲ್ಲೋ ಒಣ ಕಾಗದ ಇನ್ನೊಂದರ ಮೇಲೆ ಜಾರಿದ ಸದ್ದು ಕೇಳಿಸಿತು. ಬಹಳ ಸಣ್ಣ ಸದ್ದು.

ಇಬ್ಬರಿಗೂ ಕೇಳಿಸಿತು. ನಿಂತರೆ ಇನ್ನೊಮ್ಮೆ ಕುಲುಕುತ್ತಿತ್ತು.

“ಎಡಗಾಲು,” ಅಂದರು ಮಾವ.

ಅವಳು ಎಡಗಾಲು ಇಟ್ಟಳು.