ಹಾರ ಹಿಡಿದ ವಾಕಿಂಗ್

ತರೀಕೆರೆಯ ಕಣ್ಣಿನ ಆಸ್ಪತ್ರೆಯಿಂದ ತೀರ್ಥಪ್ಪ ಎರಡನೇ ಸಲವೂ ಮುಖ ಸಪ್ಪೆ ಮಾಡಿಕೊಂಡು ವಾಪಸಾದ. ಕಣ್ಣಿನ ಪೊರೆ ತೆಗೆಸಲು ಹೋದವನ ಬೆರಳು ಚುಚ್ಚಿ ರಕ್ತ ನೋಡಿದ ಡಾಕ್ಟರು ಹಿಂದಿನ ತಿಂಗಳು ಇನ್ನೂರ ಎಂಬತ್ತು ಎಂದಿದ್ದರು. ಈ ಸಲ ಮುನ್ನೂರ ಹದಿನಾಲ್ಕು ಎಂದರು.

“ಶುಗರ್ ಇನ್ನೂರರ ಒಳಗೆ ಬರದೆ ಆಪರೇಷನ್ ಮಾಡೋಕಾಗಲ್ಲ. ಮಾತ್ರೆ ಜೊತೆ ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡಿ ಅಂದಿದ್ದೆ. ಮಾಡಿದ್ರಾ?”

“ದೇವರಾಣೆ ಮಾಡಿದೀನಿ ಸಾರ್. ಒಂದಿನಾನೂ ತಪ್ಪಿಸಿಲ್ಲ.”

ಡಾಕ್ಟರು ನಂಬಲಿಲ್ಲ. ಮುಂದಿನ ತಿಂಗಳ ಇಪ್ಪತ್ತಕ್ಕೆ ಬರಲು ಹೇಳಿ, ಅವತ್ತೂ ಇಳಿಯದಿದ್ದರೆ ಇನ್ನು ಹೊಸ ವರ್ಷದ ಮೇಲೇ ಸರದಿ ಎಂದುಬಿಟ್ಟರು.

ಹೊಸ ವರ್ಷವೆಂದರೆ ಎಲ್ಲ ಮುಗಿದ ಮೇಲೆ. ಡಿಸೆಂಬರಿನಲ್ಲಿ ಕಡೂರಿನಲ್ಲಿ ಖೊಖೊ ಪಂದ್ಯವಿತ್ತು, ಅಲ್ಲೇ ಓದುತ್ತಿದ್ದ ಮೊಮ್ಮಗಳು ಧನುಶ್ರೀ ಶಾಲೆಯ ತಂಡದಲ್ಲಿದ್ದಳು. ಹೋದ ವರ್ಷ ತೀರ್ಥಪ್ಪ ಮೊದಲ ಸಾಲಿನಲ್ಲೇ ಕೂತಿದ್ದ. ಕಂಡದ್ದು ಬರೀ ಧೂಳು, ಅತ್ತಿತ್ತ ಓಡುವ ಬಣ್ಣಗಳು. ಅಕ್ಕಪಕ್ಕದವರು ಹೋ ಎಂದು ಕೂಗಿದಾಗ ತಾನೂ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಅವರು ಕೂಗಿದ್ದು ಧನುಶ್ರೀ ಔಟಾದದ್ದಕ್ಕೆ. ಹುಡುಗಿ ನಾಲ್ಕು ದಿನ ತಾತನ ಜೊತೆ ಮಾತು ಬಿಟ್ಟಳು. ಐದನೇ ದಿನ ಫೋನ್ ಮಾಡಿ, “ತಾತ, ಮುಂದಿನ ಸಲ ಕಣ್ಣು ಕಾಣಿಸಿದ್ರೆ ಮಾತ್ರ ಬಾ” ಎಂದಳು. ಆ ಮಾತು ಅವನಿಗೆ ಇವತ್ತಿಗೂ ಚುಚ್ಚುತ್ತಿತ್ತು.

ವಾಕಿಂಗ್ ಮಾಡಿದ್ದು ಸುಳ್ಳಲ್ಲ. ಆದರೆ ಸಖರಾಯಪಟ್ಟಣದಲ್ಲಿ ತೀರ್ಥಪ್ಪನಂಥವನು ಸುಮ್ಮನೆ ನಡೆದುಕೊಂಡು ಹೋಗುವುದುಂಟೆ? ಮೂವತ್ತು ವರ್ಷ ಇದೇ ಊರಿನಲ್ಲಿ ಲೈನ್‌ಮನ್ ಆಗಿದ್ದವನು, ಗಾಳಿ ಮಳೆ ಎನ್ನದೆ ಕಂಬ ಹತ್ತಿ ಕರೆಂಟು ಕೊಟ್ಟವನು. ಅವನು ಬೀದಿಗಿಳಿದರೆ ಸಾಕು, “ಎಲ್ಲಿಗೆ ತೀರ್ಥಣ್ಣಾ? ಬಾ, ಕಾಫಿ ಕುಡ್ಕೊಂಡು ಹೋಗು” ಎಂದು ಬಾಗಿಲು ಬಾಗಿಲಿನಿಂದ ಕೂಗು. ಎಲ್ಲಿಗೂ ಇಲ್ಲ ಎಂದರೆ ಕೆಲಸ ಇನ್ನೂ ಕೆಟ್ಟಿತು; ಎಲ್ಲಿಗೂ ಹೋಗದವನಿಗೆ ಏನು ಅವಸರ? ಬೇಡ ಎಂದರೆ ರಿಟೈರಾದ ಮೇಲೆ ಧಿಮಾಕು ಬಂತು ಎನ್ನುತ್ತಾರೆ. ಶುಗರ್ ಇದೆ ಎನ್ನಲು ನಾಚಿಕೆ. ಕೋತಿಯ ಹಾಗೆ ಕಂಬ ಹತ್ತುತ್ತಿದ್ದ ತನಗೆ ಕಾಯಿಲೆಯೆಂದು ಊರವರು ಅಯ್ಯೋ ಪಾಪ ಅನ್ನುವುದು ಅವನಿಗೆ ಸುತರಾಂ ಬೇಕಿರಲಿಲ್ಲ. ಒಂದು ದಿನ ಹೊಟ್ಟೆ ಸರಿಯಿಲ್ಲವೆಂದು ಹೇಳಿ ನೋಡಿದ. ಪಕ್ಕದ ಮನೆಯ ಮಾರಮ್ಮ, “ಹಂಗಾರೆ ಬೆಲ್ಲದ ಕಾಫಿ ಕುಡಿ ಕಣಣ್ಣಾ, ಬೆಲ್ಲ ಏನೂ ಮಾಡಲ್ಲ” ಎಂದು ದೊಡ್ಡ ಲೋಟದಲ್ಲೇ ತಂದಿಟ್ಟಳು. ಹೀಗೆ ಮುಕ್ಕಾಲು ಗಂಟೆಯ ವಾಕಿಂಗಿಗೆ ಐದು ಲೋಟ ಕಾಫಿ, ಕೊನೆಗೆ ದೇವರಾಜನ ಹೋಟೆಲಿನಲ್ಲಿ ಒಂದು ಬಾದೂಷಾ.

ಹೆಂಡತಿ ದುರ್ಗಮ್ಮನಿಗೆ ಥೈರಾಯ್ಡ್. ಬೆಳಗ್ಗೆ ಐದೂವರೆಗೆ ಮೊಬೈಲು ಬಡಿದುಕೊಂಡರೆ ಎದ್ದು ಮಾತ್ರೆ ನುಂಗುವಳು. ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಆ ಒಂದು ಗಂಟೆ ಅವಳ ಎದುರು ಸುಳಿಯುವ ಧೈರ್ಯ ಮನೆಯ ಬೆಕ್ಕಿಗೂ ಇರಲಿಲ್ಲ.

“ಈ ಮಾತ್ರೆ ಹೆಚ್ಚುಕಮ್ಮಿ ಆದ್ರೆ ಮೈಯೆಲ್ಲಾ ಎಡವಟ್ಟಾಯ್ತದೆ ಅಂತ ಡಾಕ್ಟ್ರು ಹೇಳವ್ರೆ. ಮೂರು ವರ್ಷದಿಂದ ನಾನು ನೇಮವಾಗಿ ನುಂಗ್ತಿಲ್ವಾ? ನಿಮಗೆ ಒಂದ್ ಲೋಟ ಕಾಫಿ ಬೇಡ ಅನ್ನಕ್ಕೆ ನಾಲಿಗೆ ಇಲ್ವೇನ್ರೀ?”

ನಿಜಕ್ಕೂ ಇರಲಿಲ್ಲ.

ಹೀಗಿರುವಾಗ ಕೆಳಗಿನ ಬೀದಿಯ ರಂಗಪ್ಪಜ್ಜ ತೊಂಬತ್ತೆರಡು ತುಂಬಿಸಿ ತೀರಿಕೊಂಡರು. ತೀರ್ಥಪ್ಪ ತಲೆಗೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಹಾರ ಹಿಡಿದು ಹೊರಟ. ಸಾವಿನ ಮನೆಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಒಳಗೆ ಕರೆಯಲೂಬಾರದು. ಮಾರಮ್ಮ ಕಂಡೂ ಕಾಣದವಳಂತೆ ಒಳಗೆ ಹೋದಳು. ದೇವರಾಜ ಎದ್ದು ನಿಂತು ತಲೆ ತಗ್ಗಿಸಿದ. ಮನೆಗೆ ಬಂದು ಸ್ನಾನ ಮಾಡುವಾಗ ತೀರ್ಥಪ್ಪನಿಗೆ ಥಟ್ಟನೆ ಹೊಳೆಯಿತು: ಇವತ್ತು ಒಂದು ತೊಟ್ಟು ಕಾಫಿಯೂ ಇಲ್ಲ!

ಮಾರನೇ ದಿನ ಹೆಂಡತಿಗೆ ಕಾಣದಂತೆ ಹಿತ್ತಲಿನ ಸೇವಂತಿಗೆ ಕಿತ್ತು ಹಾರ ಕಟ್ಟಿದ. ತಲೆಗೆ ಟವೆಲ್ ಹಾಕಿ ಮುಖ ಬಾಡಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ತೆಂಗಿನ ತೋಟದ ದಾರಿಯಲ್ಲಿ ಒಂದು ಸುತ್ತು. ಯಾರೂ ಕರೆಯಲಿಲ್ಲ. ಬಂದವನೇ ಹಾರವನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ, ನಾಳೆಗೂ ಬೇಕಲ್ಲ. ಹೀಗೆ ಎಂಟು ದಿನ ನಡೆದು ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಹತ್ತಿರ ರಕ್ತ ತೋರಿಸಿದರೆ ಇನ್ನೂರ ಇಪ್ಪತ್ತನಾಲ್ಕು! ಅವನ ಖುಷಿಗೆ ಪಾರವೇ ಇರಲಿಲ್ಲ. ಎದುರಿಗೆ ಕೇಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದ ಊರು ಬೆನ್ನ ಹಿಂದೆ ಎಷ್ಟು ಮಾತಾಡಿರಬಹುದೆಂದು ಆ ಖುಷಿಯಲ್ಲಿ ಯೋಚಿಸಲೇ ಇಲ್ಲ.

ಒಂಬತ್ತನೇ ದಿನ ಬೆಳಗ್ಗೆ ಆರು ಗಂಟೆ. ದುರ್ಗಮ್ಮ ಮಾತ್ರೆ ನುಂಗಿ ಕಾಫಿಯ ಹೊತ್ತಿಗೆ ಕಾಯುತ್ತ ಸಿಡಿಮಿಡಿಗುಟ್ಟುತ್ತಿದ್ದಳು. ಮಾರಮ್ಮ ಅನ್ನ ಸಾರಿನ ಪಾತ್ರೆ ಹೊತ್ತುಕೊಂಡು ಬಂದಳು.

“ಒಲೆ ಹಚ್ಚಿರಲ್ಲ ಅಂತ ತಂದೆ ಕಣೇ. ನಿಮ್ಮಣ್ಣ ಎಂಥಾ ಒಳ್ಳೇ ಮನ್ಸ!”

ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದ ತೀರ್ಥಪ್ಪನ ಕೈ ಅಲ್ಲೇ ನಿಂತಿತು. ಒಳಗಿನಿಂದ ದುರ್ಗಮ್ಮ ಕಿಟಾರನೆ ಕಿರುಚಿದ್ದು ಮೂರು ಬೀದಿಗೆ ಕೇಳಿಸಿತು. ಜನ ಓಡಿ ಬಂದರು. ಅವಳು ಅಜ್ಜಂಪುರದ ಅಣ್ಣನಿಗೆ ಫೋನ್ ಹಚ್ಚಿದಳು.

“ಅಣ್ಣಯ್ಯಾ…”

“ಏನವ್ವಾ ಇಷ್ಟೊತ್ತಿಗೇ?” ಎಂದಿತು ಕರಿಸಿದ್ದಪ್ಪನ ಗಟ್ಟಿ ದನಿ.

ದುರ್ಗಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ಹತ್ತೂವರೆಯ ಹೊತ್ತಿಗೆ ಕರಿಸಿದ್ದಪ್ಪನೇ ಬಸ್ಸಿಳಿದು, ಕೋಲೂರಿಕೊಂಡು ಜಗಲಿ ಹತ್ತಿ ಬಂದ. ಸುದ್ದಿ ಸುಳ್ಳೆಂದು ಗೊತ್ತಿದ್ದರೂ ಅಲ್ಲಿ ಕೂತಿದ್ದ ಇಬ್ಬರು ಗಡಬಡಿಸಿ ಎದ್ದು ಹಿಂದೆ ಸರಿದರು.

“ನನ್ನ ಸಾಯ್ಸಿದ್ದು ಯಾರ್ರೋ?”

ಎಲ್ಲರೂ ಮಾರಮ್ಮನ ಕಡೆ ನೋಡಿದರು. ಮಾರಮ್ಮ ತೀರ್ಥಪ್ಪನ ಕಡೆ ಕೈ ತೋರಿಸಿದಳು. “ತೀರ್ಥಣ್ಣ ಎಂಟು ದಿನದಿಂದ ಹಾರ ಹಿಡ್ಕೊಂಡು ಹೋಗ್ತಾ ಬರ್ತಾ ಅವ್ನೆ. ಕೇಳಬಾರ್ದಲ್ಲ, ಕೇಳ್ಲಿಲ್ಲ. ನಿಮ್ಗೆ ಮಂಡಿ ಆಪರೇಷನ್ ಆಗಿತ್ತಲ್ಲ, ನೀವೇ ಇರ್ಬೇಕು ಅನ್ಕೊಂಡ್ವಿ.”

ತೀರ್ಥಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿದ: ಮುನ್ನೂರ ಹದಿನಾಲ್ಕು, ಇಪ್ಪತ್ತನೇ ತಾರೀಕು, ಮೊಮ್ಮಗಳು ಆಡಿದ ಮಾತು. “ಶುಗರ್ ಐತೆ ನಂಗೆ. ನೀವೆಲ್ಲ ಪ್ರೀತಿಯಿಂದ ಕೊಡೋ ಕಾಫೀನ ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಭಾವ.”

ಮಾರಮ್ಮ ಸೆರಗು ಬಾಯಿಗೆ ಹಿಡಿದು, “ನಂಗೂ ಐತೆ ಕಣಣ್ಣಾ” ಎಂದಳು. “ಕರೆದು ಕೊಟ್ಮೇಲೆ ನಿನ್ನೊಬ್ಬನ್ನೇ ಹೆಂಗೆ ಕುಡಿಸಾದು ಅಂತ ನಾನೂ ಜೊತೇಲಿ ಕುಡೀತಿದ್ದೆ.”

ದೇವರಾಜ ಕೆಮ್ಮಿದ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. “ಬಾದೂಷಾ ಮಾರೋನಿಗೇ ಶುಗರ್ ಅಂದ್ರೆ ಯಾಪಾರ ಆಯ್ತದಾ ಅಂತ ಮುಚ್ಚಿಟ್ಟಿದ್ದೆ.” ಬಾಗಿಲ ಬಳಿ ಇನ್ನಿಬ್ಬರು ಮೆಲ್ಲಗೆ ಕೈಯೆತ್ತಿದರು.

ಕರಿಸಿದ್ದಪ್ಪ ಬಿದ್ದು ಬಿದ್ದು ನಕ್ಕ. “ಎಲ್ಲಯ್ಯಾ ಭಾವ ನನ್ನ ಹಾರ? ತಾ ಇಲ್ಲಿ!” ಎಂದು ಒಣಗಿದ ಸೇವಂತಿಗೆ ಹಾರವನ್ನು ತರಿಸಿ ತಾನೇ ಕೊರಳಿಗೆ ಹಾಕಿಕೊಂಡ. ದುರ್ಗಮ್ಮ ಬಿಡ್ತು ಅನ್ನು ಎಂದು ಕೂಗಿ ಅದನ್ನು ಕಿತ್ತು ತಿಪ್ಪೆಗೆಸೆದಳು. ಅವಳ ಕಾಫಿಯ ಹೊತ್ತು ಮೀರಿ ನಾಲ್ಕು ಗಂಟೆಯಾಗಿತ್ತು ಎನ್ನುವುದನ್ನೂ ಮರೆಯಬಾರದು.

ಮರುದಿನದಿಂದ ಐದು ಜನ ಒಟ್ಟಿಗೆ ನಡೆದರು. ಯಾರಾದರೂ ಕಾಫಿಗೆ ಕರೆದರೆ ಎಲ್ಲರ ಪರವಾಗಿ ಮಾರಮ್ಮನೇ ಜಗಳಕ್ಕೆ ನಿಲ್ಲುತ್ತಿದ್ದಳು. ಇಪ್ಪತ್ತನೇ ತಾರೀಕು ತರೀಕೆರೆಯ ಡಾಕ್ಟರು ಯಂತ್ರವನ್ನು ಎರಡು ಸಲ ನೋಡಿದರು. ನೂರ ಎಪ್ಪತ್ತೆರಡು.

ಡಿಸೆಂಬರಿನಲ್ಲಿ ತೀರ್ಥಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕಡೂರಿನ ಮೈದಾನದ ಮೊದಲ ಸಾಲಿನಲ್ಲಿ ಕೂತ. ಯಾರೋ ಪೇಡದ ಡಬ್ಬಿ ಸಾಲಿನುದ್ದಕ್ಕೂ ದಾಟಿಸುತ್ತಿದ್ದರು. “ಬೇಡ ಕಣಪ್ಪಾ, ನಂಗೆ ಶುಗರ್ ಐತೆ” ಎಂದು ಅವನು ಹೇಳಿದ್ದು ಹಿಂದಿನ ಸಾಲಿಗೂ ಕೇಳಿಸಿತು. ದುರ್ಗಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಧನುಶ್ರೀ ಎರಡು ನಿಮಿಷ ಹಾವಿನಂತೆ ನುಸುಳಿ ನುಸುಳಿ ಓಡಿ, ಕೊನೆಗೆ ಔಟಾದಳು. ಸುತ್ತ ಚಪ್ಪಾಳೆ ಬಿತ್ತು. ತೀರ್ಥಪ್ಪ ಎರಡೂ ಕೈಗಳನ್ನು ಮಂಡಿಯ ಮೇಲೆ ಒತ್ತಿ ಹಿಡಿದುಕೊಂಡ.

ಹುಡುಗಿ ಏದುಸಿರು ಬಿಡುತ್ತ ಓಡಿ ಬಂದಳು. “ತಾತ, ಕಾಣಿಸ್ತಾ?”

“ಎಲ್ಲಾ ಕಾಣಿಸ್ತು ಕಣವ್ವಾ. ಅಷ್ಟು ಓಡಾಟದ ನಡುವೆ ನೀನು ಮೂರು ಸಲ ನನ್ನ ಕಡೆ ತಿರುಗಿ ನೋಡ್ದೆ.”

“ಹೋದ ವರ್ಷಾನೂ ನೋಡಿದ್ದೆ ತಾತ” ಎಂದಳು ಧನುಶ್ರೀ.