ಕೊನೆಸೀಟು ಬಂದರೆ ಚಿತ್ರ ನಿಲ್ಲುತ್ತದೆ

ನಮ್ಮ ಯಜಮಾನರು ಮಾತಾಡುತ್ತಾರೆ ಎಂದರೆ ಈ ಕಟ್ಟಡದಲ್ಲಿ ಒಬ್ಬರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. ಜೀವನವಿಡೀ ಸಿಟಿ ಬಸ್ಸು ಓಡಿಸಿದವರು. ಚಾಲಕರೊಡನೆ ಮಾತನಾಡಬಾರದು ಎಂದು ಬಸ್ಸಿನಲ್ಲಿ ಬರೆದಿರುತ್ತದಲ್ಲ, ಆ ಬೋರ್ಡನ್ನು ಕಿತ್ತು ತಂದು ಮನೆಯಲ್ಲೂ ಹೊಡೆದುಕೊಂಡಂತಿದ್ದರು. ಊಟಕ್ಕೆ ಕರೆದರೆ ಬರುತ್ತಾರೆ, ಉಣ್ಣುತ್ತಾರೆ, ತಟ್ಟೆ ತೊಳೆದಿಟ್ಟು ಹೋಗುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ! ಮಕ್ಕಳಾಗಿದ್ದರೆ ನಾನು ಅವರ ಜೊತೆಗಾದರೂ ವಟಗುಟ್ಟಿಕೊಂಡಿರುತ್ತಿದ್ದೆ. ಆಗಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಕಂಪ್ಯೂಟರು ತಂದರು, ಅದಕ್ಕೊಂದು ಸ್ಟೇರಿಂಗು ಕೂಡಿಸಿದರು. ಬಸ್ಸು ಓಡಿಸುವ ಆಟವಂತೆ. ಅರವತ್ತು ದಾಟಿದ ಮನುಷ್ಯನಿಗೆ ಇದೆಂಥ ಹುಚ್ಚು ಎಂದುಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ರೂಮಿನ ಬಾಗಿಲು ಹಾಕಿಕೊಳ್ಳುವರು. ನಾನು ಅಡುಗೆಮನೆಯಲ್ಲಿ ಗಿರಾಕಿಗಳ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತ ಕೂರುವೆ. ಒಂದು ದಿನ ಬಟ್ಟೆ ಎತ್ತಿಡಲು ಆ ಬಾಗಿಲ ಮುಂದೆ ಹೋದವಳು ಅಲ್ಲೇ ನಿಂತುಬಿಟ್ಟೆ. ಒಳಗೆ ಇವರು ಮಾತಾಡುತ್ತಿದ್ದರು! ಒಂದಲ್ಲ, ಎರಡಲ್ಲ, ಹರಿಯುವ ನೀರಿನ ಹಾಗೆ.

ಆಟವನ್ನು ಆಡುತ್ತಿರುವಾಗಲೇ ಇಂಟರ್ನೆಟ್ಟಿನಲ್ಲಿ ಬಿಡುತ್ತಾರೆ, ಯಾರು ಬೇಕಾದರೂ ನೋಡಬಹುದು ಎಂದು ಆಮೇಲೆ ತಿಳಿಯಿತು. ನೋಡುವವರು ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು. ಇವರು ಮಾತ್ರ ಖಾಲಿ ಬಸ್ಸಿಗೆ ಹೇಳುತ್ತಲೇ ಇದ್ದರು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದಾಗ ಬಸ್ಸನ್ನು ಗೋಡೆಗೆ ಒರೆಸಿಕೊಂಡೇ ನಿಲ್ಲಿಸಿದ್ದು, ಆಮೇಲೆ ಎಷ್ಟೋ ದಿನ ಆ ಇಳಿಜಾರು ಬಂದರೆ ಮೊದಲ ಗೇರಿನಲ್ಲೇ ಇಳಿಸುತ್ತಿದ್ದದ್ದು. ಅಯ್ಯೋ ದೇವರೇ, ಆ ದಿನವೂ ಈ ಮನುಷ್ಯ ಮನೆಗೆ ಬಂದು ಉಂಡು ಮಲಗಿದ್ದರು. ನನಗೆ ಒಂದು ಮಾತು ಹೇಳಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಸ್ಟೂಲು ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ತಗೋ, ಬಾಯಿಗೆ ಬೀಗ. ಬಸ್ಸು ಮೂರು ನಿಲ್ದಾಣ ದಾಟಿದರೂ ತುಟಿ ಅಲುಗಲಿಲ್ಲ. ನಾನು ಎದ್ದು ಬಂದೆ. ಬಾಗಿಲು ಹಾಕಿದ ಮೇಲೆ ಮಾತು ಮತ್ತೆ ಶುರುವಾಯಿತು.

ಆಗ ಹೊಳೆಯಿತು, ನಾನು ಯಾರೋ ಆಗಿ ಹೋಗಬೇಕು. ಇಂಟರ್ನೆಟ್ಟಿನ ಪಾಸ್‌ವರ್ಡು ಗೋಡೆಯ ಮೇಲಿನ ವೈಫೈ ಡಬ್ಬಿಯ ಬೆನ್ನಿಗೇ ಅಂಟಿಸಿತ್ತು. ಫೋನಿನಲ್ಲಿ ಹೇಗೋ ತಡಕಾಡಿ ಒಳಹೊಕ್ಕೆ. ಹೆಸರು ಕೇಳಿತು. ಕೊನೆಸೀಟು ಎಂದು ಬರೆದೆ. ಅಂದಿನಿಂದ ಇವರ ಬಸ್ಸಿಗೆ ಒಬ್ಬ ಪ್ರಯಾಣಿಕರು ಸಿಕ್ಕರು. "ಬಂದ್ರಾ ಕೊನೆಸೀಟು? ಸರಿ, ಹೊರಡೋಣ" ಎಂದು ಇವರು ಹೇಳಿದಾಗಲೆಲ್ಲ ನನ್ನ ಕೈಯಲ್ಲಿದ್ದ ಸೂಜಿ ನಿಂತುಹೋಗುತ್ತಿತ್ತು.

ಆದರೆ ಚಿತ್ರ ಬಿಟ್ಟುಬಿಟ್ಟು ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಚೌಕ ದಾಟಿರುತ್ತಿತ್ತು. ಮಾತು ಅರ್ಧಕ್ಕೇ ನುಂಗಿಹೋಗುತ್ತಿತ್ತು. ಬಸ್ಸು ಹಾಳಾಗಲಿ, ಮಾತು ಹೋದರೆ ನನಗೇನು ಉಳಿಯಿತು? ತಡೆಯಲಾರದೆ ಚಿತ್ರದ ಕೆಳಗೆ ಬರೆದುಬಿಟ್ಟೆ: ಚಿತ್ರ ನಿಲ್ತಿದೆ, ನಿಮ್ಮ ಮಾತು ಕೇಳ್ತಿಲ್ಲ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇರುವ ಒಬ್ಬ ಪ್ರಯಾಣಿಕರೂ ಇಳಿದುಹೋಗುತ್ತಾರೆಂದು ಇವರಿಗೆ ದಿಗಿಲಾಯಿತು. ಮಾರನೆಯ ಮಧ್ಯಾಹ್ನವೇ ಕಂಪ್ಯೂಟರ್ ರಿಪೇರಿಯಾಕೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ರೂಮಿನ ಬಾಗಿಲು ತೆರೆದಿತ್ತು, ಎಲ್ಲವೂ ಅಡುಗೆಮನೆಗೆ ಕೇಳುತ್ತಿತ್ತು.

"ಮೊದಲು ಇಂಟರ್ನೆಟ್ಟಿಗೆ ಬಿಡೋದು ಬೇಡ ಸರ್. ಬರೀ ರೆಕಾರ್ಡ್ ಮಾಡಿ."

ಇವರು ಒಂದಿಷ್ಟು ದೂರ ಓಡಿಸಿದರು. ಹಾಕಿ ನೋಡಿದರೆ ಬೆಣ್ಣೆಯಂತೆ ಓಡುತ್ತಿದೆ.

"ಕಂಪ್ಯೂಟರ್ ಗಟ್ಟಿಯಾಗಿದೆ. ಫ್ರೇಮು, ಅಂದ್ರೆ ಚಿತ್ರದ ಚೂರು, ಇಲ್ಲಿ ಬಿದ್ದುಹೋಗ್ತಿಲ್ಲ, ಹೊರಗೆ ಹೋಗೋ ದಾರೀಲಿ ಬೀಳ್ತಿದೆ. ಈಗ ಬಿಡಿ."

ಬಿಟ್ಟರು. ಒಂದೂ ಬೀಳಲಿಲ್ಲ. ನಾನಾದರೂ ಸುಮ್ಮನಿರಬೇಕೋ ಬೇಡವೋ? ಅಭ್ಯಾಸಬಲ. ಫೋನು ತೆಗೆದು ಒಳಹೊಕ್ಕೆ.

"ಅರೆ, ಶುರುವಾಯ್ತು ನೋಡಿ" ಎಂದಳು ಆಕೆ. "ನೋಡೋರು ಒಬ್ಬರು ಬಂದ ಕೂಡ್ಲೇ ಬೀಳ್ತಿದೆ. ನಿಮ್ಮ ಲೈನಲ್ಲಿ ಇನ್ನೊಂದು ಫೋನ್ ಇದೆ ಸರ್. ಯಾರದು?"

"ನನ್ನದು ಆಫ್ ಆಗಿದೆ."

"ಮನೆಯವರದು?"

"ಅವಳಿಗೆ ಅದೆಲ್ಲ ಬರಲ್ಲ. ಯಾರೋ ಕಳ್ಳರು ಕದೀತಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಗಾಬರಿಯಲ್ಲಿ ಫೋನನ್ನು ಹೊಲಿಯುತ್ತಿದ್ದ ಪ್ಯಾಂಟಿನ ಕೆಳಗೆ ತುರುಕಿದೆ. ಅದು ಸುಮ್ಮನಾಗಲಿಲ್ಲ. ನೀರು ಬೇಕೆಂದು ಆಕೆ ಅಡುಗೆಮನೆಗೆ ಬರುವ ಹೊತ್ತಿಗೆ ಪ್ಯಾಂಟಿನೊಳಗಿಂದ ಇವರ ದನಿ, "ಕೊನೆಸೀಟು, ಇದ್ದೀರಾ?"

ಆಕೆ ಪ್ಯಾಂಟನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಅಕ್ಕಾ, ಕಳ್ಳಿ ನೀವೇನಾ?"

"ಮೆಲ್ಲಗೆ ಕಣಮ್ಮ, ನಿನ್ನ ದಮ್ಮಯ್ಯ."

"ಪಕ್ಕದಲ್ಲೇ ಕೂತು ನೋಡಬಹುದಲ್ಲ?"

"ಕೂತರೆ ಮಾತು ನಿಲ್ಲುತ್ತೆ. ನನಗೆ ಬಸ್ಸು ಬೇಡ, ಅವರ ಮಾತು ಬೇಕು. ನಾನೇ ಅಂತ ಗೊತ್ತಾದ್ರೆ ಅದೂ ಹೋಯ್ತು."

ಆಕೆ ಲೋಟದ ನೀರನ್ನು ನಿಧಾನವಾಗಿ ಕುಡಿದಳು. "ನಿಮ್ಮ ಲೈನ್ ಒಂದು ಸಣ್ಣ ನಲ್ಲಿ ಅಕ್ಕ. ಅವರು ಹೊರಗೆ ಬಿಡ್ತಾರೆ, ನೀವು ಅದರಲ್ಲೇ ಒಳಗೆ ಎಳ್ಕೋತೀರ. ಈ ಹಳೇ ಕಟ್ಟಡಕ್ಕೆ ಇದಕ್ಕಿಂತ ದೊಡ್ಡ ಲೈನ್ ಕೊಡಲ್ಲಂತೆ. ಈಗ ಅವರಿಗೆ ಏನು ಹೇಳಲಿ?"

ಪ್ಯಾಂಟಿನ ಕೆಳಗಿಂದ ಫೋನು ತೆಗೆದು ಆಫ್ ಮಾಡಿದೆ. ಆಮೇಲೆ ಹೇಳಿದೆ: "ಕಳ್ಳರೇ ಅಂತ ಹೇಳು. ಪಾಸ್‌ವರ್ಡ್ ಬದಲಾಯಿಸಿಬಿಡು."

"ನೀವು?"

"ನನ್ನದು ನಾನು ನೋಡ್ಕೋತೀನಿ."

ಹೋಗುವಾಗ ಆಕೆ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು: "ಸಿಮ್ಮಿಗೆ ನೆಟ್ ಹಾಕಿಸ್ಕೊಳ್ಳಿ ಅಕ್ಕ. ಈ ಗೋಡೆಗಳೊಳಗೆ ಸಿಗ್ನಲ್ ಬರಲ್ಲ. ಮೆಟ್ಟಿಲ ಹತ್ತಿರ ಕಿಟಕಿ ಇದೆಯಲ್ಲ, ಅಲ್ಲಿ ಬರುತ್ತೆ."

ಮರುದಿನ ಬೆಳಗ್ಗೆಯೇ ಸಿಮ್ಮಿಗೆ ನೆಟ್ ಹಾಕಿಸಿಕೊಂಡೆ. ಮಧ್ಯಾಹ್ನ, ಅಂಗಡಿಗೆ ಹೋಗಿಬರ್ತೀನಿ ಎಂದು ಮುಚ್ಚಿದ ಬಾಗಿಲಿಗೆ ಹೇಳಿ, ಮೆಟ್ಟಿಲಿಗೆ ಹೋಗಿ ಕಿಟಕಿಯ ಕೆಳಗೆ ಕೂತೆ. ನನ್ನ ಮನೆಯ ಹೊರಗೆ, ಪರರ ಮನೆಯವಳ ಹಾಗೆ. ಒಳಹೊಕ್ಕು ನೋಡಿದರೆ ಬಸ್ಸು ಡಿಪೋದಲ್ಲೇ ನಿಂತಿದೆ. ಹೊರಡದೆ ಕಾಯುತ್ತಿದ್ದಾರೆ!

"ಬಂದ್ರಾ? ನಿನ್ನೆ ಒಬ್ಬ ಕಳ್ಳನ್ನ ಓಡಿಸಿದ್ವಿ. ಈಗ ಹೇಗಿದೆ ಚಿತ್ರ?"

ಚೆನ್ನಾಗಿದೆ, ಎಲ್ಲ ಮಾತೂ ಕೇಳ್ತಿದೆ ಎಂದು ಬರೆದೆ. ನಿಜವಾಗಿಯೂ ಚೆನ್ನಾಗಿತ್ತು. ಇವರು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಇವರು ನನಗೆ ಇಷ್ಟು ಹತ್ತಿರ ಕೂತಿರಲಿಲ್ಲ. ಬಸ್ಸು ಹೊರಟಿತು. ಎರಡು ನಿಲ್ದಾಣ ದಾಟಿದ ಮೇಲೆ ಇವರು ಕೇಳಿದರು, "ದಿನಾ ಬರ್ತೀರಲ್ಲ, ನಿಮ್ಮ ಮನೇಲಿ ಯಾರ್ಯಾರಿದ್ದಾರೆ?"

ಏನು ಬರೆಯಲಿ? ಇದ್ದದ್ದನ್ನೇ ಬರೆದೆ: ಯಜಮಾನರಿದ್ದಾರೆ. ಮಾತಾಡಲ್ಲ.

"ಓ, ನೀವು ಹೆಂಗಸರಾ! ನಾನು ಯಾರೋ ರಿಟೈರಾದ ಕಂಡಕ್ಟರು ಅಂದ್ಕೊಂಡಿದ್ದೆ." ಇವರು ಜೋರಾಗಿ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಎಂಥಾ ಕಲ್ಲು ಮನುಷ್ಯನಮ್ಮ ಅವನು! ಮನೇಲಿರೋ ಜೀವದ ಜೊತೆ ಮಾತಾಡದೆ ಹೇಗಿರ್ತಾನೆ? ನೋಡಿ, ನೀವೇ ಮೊದಲು ಮಾತಾಡಿಸಿ. ಅವನ ಕೆಲಸದ ವಿಷಯ ಕೇಳಿ. ಗಂಡಸರು ಕೇಳಿದ್ರೆ ಹೇಳ್ತಾರೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂತು. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, ಏನಾಯ್ತು ಎಂದು ಕೇಳಿದಳು. ಕಣ್ಣಿಗೆ ಕಸ ಬಿತ್ತು ಎಂದೆ.

ಹಿರಿಯರು ಹೇಳಿದ ಮೇಲೆ ಕೇಳಬೇಕಲ್ಲ. ಮನೆಗೆ ಹೋಗಿ ಟೀ ಮಾಡಿದೆ. ಇವರು ರೂಮಿನಿಂದ ಹೊರಬಂದರು. ಮುಖದಲ್ಲಿ ಆ ನಗು ಇನ್ನೂ ಆರಿರಲಿಲ್ಲ. ಲೋಟ ಮುಂದಿಟ್ಟು, ಎದುರಿಗೆ ಕೂತು, ನನ್ನ ಕೈಲಾದಷ್ಟು ಸಹಜವಾಗಿ ಕೇಳಿದೆ: "ರೀ, ಇವತ್ತು ಬಸ್ಸು ಹೇಗೆ ಓಡ್ತು?"

ಇವರು ತಲೆಯೆತ್ತಿ ನೋಡಿದರು. ಒಂದು ಕ್ಷಣ ಹೇಳುತ್ತಾರೆಂದೇ ಅನಿಸಿತು.

"ನಿನಗೆ ಅದೆಲ್ಲ ಅರ್ಥ ಆಗಲ್ಲ, ಬಿಡು" ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೇ ಅಂದರು. ಟೀ ಕುಡಿದು, ಲೋಟ ತೊಳೆದಿಟ್ಟು ಹೋದರು.

ಮೆಟ್ಟಿಲ ಕಲ್ಲು ಬಹಳ ತಣ್ಣಗಿರುತ್ತದೆ. ಚೂರುಪಾರು ಬಟ್ಟೆ ತುಂಬಿ ನಾಳೆಗೊಂದು ಸಣ್ಣ ದಿಂಬು ಹೊಲಿಯಲು ಕೂತೆ.