ತಿದ್ದದೆ ಬಿಟ್ಟ ಮಾತು

"ಚೊನುನ್ ಹಕ್ಸೆಂಗ್ ಇಪ್ನಿದಾ," ಎಂದು ಚಾಪೆಯ ಮೇಲೆ ಕೂತ ಕಾವ್ಯ ಕೊರಿಯನ್ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ನಾನು ವಿದ್ಯಾರ್ಥಿನಿ ಎಂದು ಅದರ ಅರ್ಥ. ಬರೆಯುವುದು ಇಪ್ನಿದಾ ಎಂದೇ. ಆದರೆ ಕೊರಿಯಾದಲ್ಲಿ ಯಾರೂ ಹಾಗೆ ನುಡಿಯುವುದಿಲ್ಲ, ಇಮ್ನಿದಾ ಎನ್ನುತ್ತಾರೆ. ಕುರ್ಚಿಯಲ್ಲಿ ಕೂತು ಕಲಿಸುತ್ತಿದ್ದ ರಂಜನಾ ತಿದ್ದಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಬರೋಬರಿ ಓದಾಕತ್ತಾಳೇನವಾ?" ಹೊಸ್ತಿಲ ಬಳಿ ಎಲೆಗೆ ಸುಣ್ಣ ಸವರುತ್ತಿದ್ದ ಸಾವಿತ್ರೆವ್ವ ಕೇಳಿದಳು.

"ಭಾಳ ಛಲೋ ಓದಾಕತ್ತಾಳ್ರಿ ಕಾಕು, ನಿಮ್ಮ ಮಗಳು."

ಸಾವಿತ್ರೆವ್ವ ಬನಹಟ್ಟಿಯಲ್ಲಿ ಮಗ್ಗದ ಶೆಡ್ಡು ನಡೆಸುವ ಗುರುಸಿದ್ದನ ಹೆಂಡತಿ. ಕಾವ್ಯಳಿಗೆ ಕೊರಿಯಾದ ಹಡಗು ಕಾರ್ಖಾನೆಯಲ್ಲಿದ್ದ ಇಂಜಿನಿಯರನ ಸಂಬಂಧ ಬಂದಿತ್ತು. ಅಲ್ಲಿನ ಭಾಷೆಯ ಟೋಪಿಕ್ ಪರೀಕ್ಷೆಯಲ್ಲಿ ಹುಡುಗಿ ಎರಡನೇ ದರ್ಜೆ ಪಡೆದರೆ ನಿಶ್ಚಯ, ಇಲ್ಲವಾದರೆ ಇಲ್ಲ ಎಂದು ವರನ ಕಡೆಯವರು ಹೇಳಿದ್ದರು. ಸುತ್ತಮುತ್ತ ಆ ಭಾಷೆ ಬಲ್ಲವಳು ಜಮಖಂಡಿಯ ರಂಜನಾ ಒಬ್ಬಳೇ. ಚೆನ್ನೈ ಹತ್ತಿರದ ಕಾರು ಕಂಪನಿಯೊಂದರಲ್ಲಿ ಕೊರಿಯಾದ ಅಧಿಕಾರಿಗಳ ಮಾತನ್ನು ಕೆಲಸಗಾರರಿಗೆ ತಿಳಿಸಿಹೇಳುವ ಕೆಲಸದಲ್ಲಿದ್ದು ಬಂದವಳು.

ಮೊದಲ ದಿನ ಮಗಳನ್ನು ಕರೆತಂದ ಸಾವಿತ್ರೆವ್ವ ಮನೆಯನ್ನೆಲ್ಲ ಕಣ್ಣಾಡಿಸಿ ನೋಡಿ, "ಇಷ್ಟ ಶಾಣ್ಯಾ ಅದೀಯಲ್ಲ ತಂಗಿ, ಲಗ್ನ ಯಾಕ ಆಗಲಿಲ್ಲ?" ಎಂದಿದ್ದಳು.

ಆಕೆಗೆ ನೆನಪೇ ಇರಲಿಲ್ಲ. ಕೆಲವು ವರ್ಷಗಳ ಹಿಂದೆ, ಬನಹಟ್ಟಿಯ ಪರಮಾನಂದನ ಜೊತೆ ರಂಜನಾಳ ನಿಶ್ಚಯವಾಗಿ, ಲಗ್ನಪತ್ರಿಕೆ ಅಚ್ಚಿಗೆ ಹೋಗಿದ್ದ ಹೊತ್ತು. ಹುಡುಗನ ಪಕ್ಕದ ಮನೆಯವಳಾದ ಸಾವಿತ್ರೆವ್ವ ಅವನ ತಾಯಿ ಅನಸವ್ವನ ಅಂಗಳದಲ್ಲಿ ಕೂತು, "ಆ ಹುಡಗಿ ಪರದೇಶದ ಗಂಡಸರ ಜೋಡಿ ಕಾರಿನ್ಯಾಗ ಅಡ್ಡಾಡತಾಳಂತ. ನೋಡಕೊಂಡ ಮಾಡ್ಕೋರಿ," ಎಂದಿದ್ದಳು. ಅಷ್ಟು ಸಾಕಾಯಿತು. ನಿಶ್ಚಯದ ಸೀರೆ ವಾಪಸ್ ಕೇಳಲು ಬಂದವರು ಆ ಮಾತನ್ನೂ ಆಡಿದವಳ ಹೆಸರನ್ನೂ ಹೇಳಿಯೇ ಹೋದರು. ಆಮೇಲೆ ಬಂದ ಪ್ರತಿ ಸಂಬಂಧವೂ ಅದೇ ಮಾತು ಕೇಳಿಕೊಂಡು ಹೋಯಿತು. ಮಗಳ ಮುಖ ನೋಡಲಾಗದೆ ಅಪ್ಪ ಜಕ್ಕಪ್ಪ ಒಂದು ವರ್ಷ ಬೀರೇಶ್ವರನ ಗುಡಿಯಲ್ಲೇ ಹೊತ್ತು ಕಳೆದು ತೀರಿಕೊಂಡ. ರಂಜನಾಳ ಬದುಕನ್ನು ಹೀಗೆ ಮಾಡಿದವಳು ಆ ಮಾತನ್ನು ಎಲೆಯ ಜೊತೆ ಜಗಿದು ಉಗಿದು ಮರೆತುಬಿಟ್ಟಿದ್ದಳು.

"ಋಣ ಇರಲಿಲ್ರಿ ಕಾಕು," ಎಂದಿದ್ದಳು ರಂಜನಾ. "ನಾಳಿಂದ ಕಳಸ್ರಿ."

ಅವಳು ಕಲಿಸಿದಳು. ಅಕ್ಷರ, ವ್ಯಾಕರಣ, ಶಬ್ದಗಳ ರಾಶಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಬರೆದ ಹಾಗೇ ಓದಿಸಿದಳು. ಪರೀಕ್ಷೆಯ ಅರ್ಧದಷ್ಟು ಅಂಕಗಳು ಧ್ವನಿಮುದ್ರಿತ ಮಾತು ಕೇಳಿ ಉತ್ತರಿಸುವುದಕ್ಕಿದ್ದವು. ಆ ಅಭ್ಯಾಸವನ್ನು ಒಂದು ದಿನವೂ ಮಾಡಿಸಲಿಲ್ಲ. ಕಾವ್ಯ ಒಮ್ಮೆ, "ಅಕ್ಕಾರ, ಕೊರಿಯಾದ ಸೀರಿಯಲ್ ನೋಡ್ಲೇನ್ರಿ? ಕಿವಿಗೆ ರೂಢಿ ಆಗತೈತಿ," ಎಂದಳು.

"ಬ್ಯಾಡ. ಅದರಾಗಿನ ಪೋಲಿ ಮಾತು ಕಲತ ಕೆಡತಿ. ಓದಾಕ ಬಂತಂದ್ರ ಕೇಳೂದು ತಾನ ಬರತೈತಿ."

ಕಾವ್ಯ ತಲೆಯಾಡಿಸಿದಳು. ಹೇಳಿದ್ದನ್ನೆಲ್ಲ ನಂಬುವ ಹುಡುಗಿ. ಬರುವಾಗ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ರಂಜನಾಳಿಗೆ ಜ್ವರ ಬಂದಾಗ ಒಲೆ ಹಚ್ಚಿ ಗಂಜಿ ಕಾಸಿಕೊಟ್ಟಳು. ಗಂಜಿ ಕುಡಿಯುತ್ತ ರಂಜನಾ ಪರೀಕ್ಷೆಗೆ ಉಳಿದ ದಿನಗಳನ್ನು ಎಣಿಸಿದಳು. ಎಲ್ಲವನ್ನೂ ಸರಿಮಾಡಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಮಗಳನ್ನು ಕರೆದೊಯ್ಯಲು ಬಂದ ಸಾವಿತ್ರೆವ್ವ ಓಣಿಯಲ್ಲಿ ನಿಂತು, "ನಮ್ಮ ಕಾವ್ಯಾ ವಿಮಾನದಾಗ ಹೋಗಾಕಿ," ಎಂದು ಯಾರಿಗೋ ಹೇಳಿ ನಗುವುದು ಕೇಳಿಸಿತು. ರಂಜನಾ ಬಟ್ಟಲು ಕೆಳಗಿಟ್ಟಳು.

ಚೆನ್ನೈಗೆ ಹೋಗಿ ಕಾವ್ಯ ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಓದುವುದರಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ. ಕೇಳುವುದರಲ್ಲಿ ಮೂವತ್ತೂ ಇರಲಿಲ್ಲ. ಎರಡನೇ ದರ್ಜೆ ತಪ್ಪಿತು. ವಾರ ಕಳೆಯುವುದರೊಳಗೆ ವರನ ಕಡೆಯವರು ಬೇರೆ ಹೆಣ್ಣು ಗೊತ್ತು ಮಾಡಿದ ಸುದ್ದಿ ಬಂತು.

ತಾಯಿ ಮಗಳು ಇಬ್ಬರೂ ಬಂದರು. ಜಗಳಕ್ಕೆ ಸಿದ್ಧಳಾಗಿಯೇ ರಂಜನಾ ಬಾಗಿಲು ತೆರೆದಳು. ಸಾವಿತ್ರೆವ್ವ ಅವಳ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಹೆಸರ ಕೆಡಿಸಿದ್ಲವಾ ಈ ದಡ್ಡಿ. ನೀ ಎಷ್ಟ ಬಡಕೊಂಡ್ರೇನು, ತಲ್ಯಾಗ ಮಣ್ಣ ತುಂಬೇತಿ. ಊರಾಗ ತಲಿ ಎತ್ತದಂಗ ಆಗೇತಿ. ಇನ್ನೊಮ್ಮೆ ಪರೀಕ್ಷಾ ಕಟ್ಟಸು. ಪಾಸಾಗಿ ಆ ಮಂದಿ ಮುಖಕ್ಕ ಒಗದ ಬರಬೇಕು."

ಇಷ್ಟು ವರ್ಷ ಕಾದಿದ್ದ ಮುಖ ಎದುರಿಗೇ ಇತ್ತು, ಸೊರಗಿ, ಅತ್ತು ಊದಿಕೊಂಡು. ರಂಜನಾ ಕಣ್ತುಂಬ ನೋಡಿದಳು. ಫೋನು ಬಂದು ಸಾವಿತ್ರೆವ್ವ ಅಂಗಳಕ್ಕೆ ಹೋದ ಮೇಲೆ, ಹಿಂದೆ ನಿಂತಿದ್ದ ಕಾವ್ಯ ಮೆಲ್ಲಗೆ ಕೇಳಿದಳು.

"ಪರೀಕ್ಷಾಕ್ಕ ಅಲ್ಲಿ ಬಂದ ಹುಡುಗ್ಯಾರು ಹೇಳಿದ್ರು. ಕಲಿಸಾವ್ರು ಅವರಿಗೆ ಮೊದಲನೇ ದಿನದಿಂದ ಕೇಳಿಸಿ ಕೇಳಿಸಿ ರೂಢಿ ಮಾಡಿಸಿದ್ರಂತ. ನಿಮಗ ಗೊತ್ತಿತ್ತಲ್ರಿ?"

ರಂಜನಾ ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದಳು.

"ಯಾಕ್ರಿ?"

"ನನ್ನ ಲಗ್ನ ಯಾಕ ಮುರೀತು ಅಂತ ನಿಮ್ಮವ್ವನ್ನ ಕೇಳು. ಅನಸವ್ವನ ಮನ್ಯಾಗ ಏನ ಹೇಳಿ ಬಂದಿದ್ಲು ಕೇಳು."

ಕಾವ್ಯ ಅಂಗಳದತ್ತ ನೋಡಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು.

"ಅಂದಾಕಿ ನಮ್ಮವ್ವ. ನಾ ಏನ್ ಮಾಡಿದ್ದೆ?"

ರಂಜನಾ ಮೂಲೆಯ ಚಾಪೆ ಎಳೆದು ಹಾಸಿದಳು.

"ನಮ್ಮವ್ವಗ ಹೇಳೂದಿಲ್ಲ. ಹೇಳಿದ್ರ ನನ್ನ ಇಲ್ಲಿ ಕಳಸೂದಿಲ್ಲ," ಎಂದಳು ಕಾವ್ಯ. "ನಾಳಿಂದ ಬರ್ತೇನಿ. ಎಲ್ಲಾ ಕಲಸು."

ಮರುದಿನ ರಂಜನಾ ಸಂತೆಯಿಂದ ಬರುವಷ್ಟರಲ್ಲಿ ಕಾವ್ಯ ಚಿಲಕ ತೆಗೆದು ಒಳಗೆ ಬಂದಾಗಿತ್ತು. ತಾನು ದಿನಾ ಕೂರುತ್ತಿದ್ದ ಚಾಪೆ ಸುತ್ತಿ ಮೂಲೆಗೆ ಇಟ್ಟಿದ್ದಳು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ, ರಂಜನಾ ಕೂತು ಕಲಿಸುತ್ತಿದ್ದ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ರಂಜನಾ ಕೈಚೀಲ ಕೆಳಗಿಟ್ಟು, ಸೆರಗಿನಿಂದ ಬೆವರೊರೆಸಿಕೊಂಡು, ನಿಂತೇ ಪಾಠ ಶುರು ಮಾಡಿದಳು.